ಹಗ್ಗ ಬಿಚ್ಚಿದ ಮೇಲೆ ಹೋರಿ ಯಾರದು? ಹಾವೇರಿಯ ಹೋರಿ ಹಬ್ಬ ಮತ್ತು ಕಾನೂನು

ದೀಪಾವಳಿ ಹತ್ತಿರ ಬಂದಾಗ ಹಾನಗಲ್ಲ, ಬ್ಯಾಡಗಿ, ಹಿರೇಕೆರೂರು ಕಡೆಯ ಯಾವ ಚಹಾದಂಗಡಿಯ ಮುಂದೆ ನಿಂತರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಈ ಸಲ ನಿಮ್ಮೂರಾಗ ಹೋರಿಗೆ ಪರ್ಮಿಶನ್ ಸಿಕ್ಕೈತೇನ್ರಿ?’ ಉತ್ತರ ಕೊಡುವವರಲ್ಲಿ ಒಬ್ಬರು ‘ಸುಪ್ರೀಂ ಕೋರ್ಟೇ ಹೂಂ ಅಂದೈತಿ, ಇನ್ನ ಯಾರನ್ನ ಕೇಳೋದು’ ಎನ್ನುತ್ತಾರೆ. ಪಕ್ಕದಲ್ಲಿದ್ದವರು ‘ಕೋರ್ಟು ಬಂದ್ ಮಾಡೇತಿ, ಇವರು ಹಂಗ ನಡಸ್ತಾರ’ ಎಂದು ಚಹಾದ ಕಪ್ಪು ಕೆಳಗಿಡುತ್ತಾರೆ. ಇಬ್ಬರ ಮಾತಿಗೂ ಆಧಾರವಿದೆ, ಏಕೆಂದರೆ ಸುಪ್ರೀಂ ಕೋರ್ಟು 2014ರಲ್ಲಿ ಒಂದು ಹೇಳಿತು, 2023ರಲ್ಲಿ ಇನ್ನೊಂದು ಹೇಳಿತು. ಆದರೆ ಆ ಎರಡೂ ತೀರ್ಪುಗಳು ಹೋರಿಯನ್ನು ಕುರಿತವೇ ಹೊರತು, ಹೋರಿ ಓಡುವ ದಾರಿಯಲ್ಲಿ ನಿಂತ ಮನುಷ್ಯನನ್ನು ಕುರಿತವಲ್ಲ. ಈ ವ್ಯತ್ಯಾಸವನ್ನು ಬಿಡಿಸಿಕೊಳ್ಳದೆ ಹೋರಿ ಹಬ್ಬದ ಕಾನೂನು ಅರ್ಥವಾಗುವುದಿಲ್ಲ.

‘ಹೋರಿ ಬೆದರಿಸುವ ಸ್ಪರ್ಧೆ’ ಎಂದೂ ಕರೆಯುವ ಈ ಆಟವನ್ನು ಕಾಣದವರಿಗಾಗಿ ಮೊದಲು ಅದರ ರೂಪವನ್ನು ಹೇಳಬೇಕು. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಬೆಳೆಸಿದ ಹೋರಿಗೆ ಆ ದಿನ ಬೆಳಿಗ್ಗೆ ಮೈ ತೊಳೆದು, ಬೆನ್ನಿಗೆ ಜೂಲ ಹೊದಿಸಿ, ಕೋಡಿಗೆ ರಿಬ್ಬನ್ನು, ಬಲೂನು ಕಟ್ಟಿ, ಕೊರಳಿಗೆ ಒಣ ಕೊಬ್ಬರಿಯ ಸರ ಹಾಕುತ್ತಾರೆ. ನಾನು ಒಮ್ಮೆ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮನೆಯ ಹಿರಿಯ ಹೆಂಗಸು ಹೋರಿಗೆ ಆರತಿ ಎತ್ತಿ ಹಣೆಗೆ ಕುಂಕುಮ ಹಚ್ಚುವಾಗ ಅದು ಮಗುವಿನಂತೆ ತಲೆ ತಗ್ಗಿಸಿ ನಿಂತಿತ್ತು. ಅರ್ಧ ಗಂಟೆಯ ಬಳಿಕ ಅಖಾಡದ ಬಾಯಿಯಲ್ಲಿ ಇಬ್ಬರು ಹಗ್ಗ ಜಗ್ಗಿ ಹಿಡಿದಿದ್ದರು, ಹಲಗೆಯ ಸದ್ದಿಗೂ ಪಟಾಕಿಗೂ ಅದೇ ಪ್ರಾಣಿಯ ಕಣ್ಣು ಅಗಲವಾಗಿ ಮೂಗಿನ ಹೊಳ್ಳೆ ಅರಳಿತ್ತು. ಹಗ್ಗ ಬಿಟ್ಟ ಕ್ಷಣದಲ್ಲಿ ಎರಡೂ ಬದಿಗೆ ಗೋಡೆಯಂತೆ ನಿಂತ ಜನರ ನಡುವಿನ ಕಿರಿದಾದ ದಾರಿಯಲ್ಲಿ ಅದು ನುಗ್ಗುತ್ತದೆ. ಕೆಚ್ಚುಳ್ಳ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಕೊಬ್ಬರಿ ಕೊಡದೆ ಹೋದ ಹೋರಿಗೂ, ಹರಿದು ತಂದ ಹುಡುಗನಿಗೂ ಬಹುಮಾನವಿರುತ್ತದೆ. ಪಾರಾಗಿ ಹೋಗುವ ಹೋರಿಗಳಿಗೆ ಹೆಸರಿದೆ, ಅಭಿಮಾನಿ ಬಳಗವಿದೆ, ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳಿವೆ.

ಕಾನೂನಿನ ಕಥೆ ಶುರುವಾಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಿಂದ. ಇದು ಕೇಂದ್ರದ ಕಾಯ್ದೆ. ಇದರ 11ನೇ ಕಲಮು ಪ್ರಾಣಿಯನ್ನು ಹೊಡೆಯುವುದು, ಅನಗತ್ಯವಾಗಿ ನೋವಿಗೆ ಗುರಿಮಾಡುವುದು, ಕಾಳಗಕ್ಕೆ ಕೆರಳಿಸುವುದು ಮುಂತಾದವನ್ನು ಕ್ರೌರ್ಯವೆಂದು ಪಟ್ಟಿ ಮಾಡುತ್ತದೆ. 22ನೇ ಕಲಮಿನಡಿ ಕೇಂದ್ರ ಸರ್ಕಾರವು ಕೆಲವು ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಅಧಿಸೂಚನೆ ಹೊರಡಿಸಬಹುದು. ಕಾಯ್ದೆ ಕೇಳಲು ಗಂಭೀರವಾಗಿದ್ದರೂ ಅದರ ದಂಡವನ್ನು ಓದಿದರೆ ನಗು ಬರುತ್ತದೆ: 11ನೇ ಕಲಮಿನ ಮೊದಲ ಅಪರಾಧಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಖಾಡದ ಹೊರಗೆ ಮಿರ್ಚಿ, ಗಿರಮಿಟ್ ತಿಂದು ಏಳುವ ಹೊತ್ತಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಆದ್ದರಿಂದ ಈ ಕಾಯ್ದೆಯ ಬಲ ಇರುವುದು ದಂಡದಲ್ಲಲ್ಲ, ಆಟವನ್ನೇ ನಿಲ್ಲಿಸಬಲ್ಲ ಅದರ ಶಕ್ತಿಯಲ್ಲಿ.

ಆ ಶಕ್ತಿ ಕೆಲಸಕ್ಕೆ ಬಂದದ್ದು 2011ರ ಜುಲೈ 11ರಂದು. ಕೇಂದ್ರ ಪರಿಸರ ಸಚಿವಾಲಯವು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಜೊತೆಗೆ ಹೋರಿಯನ್ನೂ ಸೇರಿಸಿತು. ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಗಾಡಿ ಓಟದ ವ್ಯಾಜ್ಯಗಳು ಸುಪ್ರೀಂ ಕೋರ್ಟಿಗೆ ತಲುಪಿ, 2014ರ ಮೇ 7ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ‘ಎ. ನಾಗರಾಜ’ ಪ್ರಕರಣವೆಂದು ಕರೆಯಲಾಗುವ ಆ ತೀರ್ಪು, ಹೋರಿಯ ಮೈಕಟ್ಟು ಕುದುರೆಯಂತೆ ಓಟದ ಸ್ಪರ್ಧೆಗೆ ಹೇಳಿ ಮಾಡಿಸಿದ್ದಲ್ಲವೆಂದೂ, ಭಯ ಮತ್ತು ನೋವಿನಿಂದ ಅದನ್ನು ಓಡಿಸುವುದೇ ಕ್ರೌರ್ಯವೆಂದೂ ಹೇಳಿ, ತಮಿಳುನಾಡು, ಮಹಾರಾಷ್ಟ್ರಗಳಲ್ಲಷ್ಟೇ ಅಲ್ಲದೆ ದೇಶದ ಬೇರೆಲ್ಲಿಯೂ ಜಲ್ಲಿಕಟ್ಟಿಗಾಗಲಿ ಗಾಡಿ ಓಟಕ್ಕಾಗಲಿ ಹೋರಿಗಳನ್ನು ಬಳಸಕೂಡದೆಂದು ನಿಷೇಧಿಸಿತು. ‘ಕೋರ್ಟು ಬಂದ್ ಮಾಡೇತಿ’ ಎನ್ನುವವರ ನೆನಪು ನಿಂತಿರುವುದು ಇಲ್ಲಿಗೇ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಅಧಿಸೂಚನೆಯ ಮೂಲಕ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಗಾಡಿ ಓಟಕ್ಕೆ ದಾರಿ ಮಾಡಲು ಹೊರಟಿತಾದರೂ ಸುಪ್ರೀಂ ಕೋರ್ಟು ಕೆಲವೇ ದಿನಗಳಲ್ಲಿ ಅದಕ್ಕೆ ತಡೆ ಕೊಟ್ಟಿತು. ಆಮೇಲೆ 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟು ಬೇಕೆಂದು ಜನ ಸೇರಿದರು. ತಮಿಳುನಾಡು ಸರ್ಕಾರ ಕಾಯ್ದೆಯನ್ನೇ ತಿದ್ದಿತು. ಕಂಬಳದ ಕೂಗಿನಿಂದ ಕರ್ನಾಟಕವೂ ಅದೇ ದಾರಿ ಹಿಡಿದು, 2017ರ ಜುಲೈನಲ್ಲಿ ಸುಗ್ರೀವಾಜ್ಞೆ ತಂದು, ನಂತರ ಅದನ್ನು ತಿದ್ದುಪಡಿ ಕಾಯ್ದೆಯಾಗಿ ಮಾಡಿಕೊಂಡಿತು.

ಕೇಂದ್ರದ ಕಾಯ್ದೆಯನ್ನು ರಾಜ್ಯವೊಂದು ತಿದ್ದಲು ಹೇಗೆ ಸಾಧ್ಯ ಎಂಬ ಸಂದೇಹ ಸಹಜವಾದದ್ದೇ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಎಂಬ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯ 17ನೇ ನಮೂದಿನಲ್ಲಿದೆ. ಅಂದರೆ ಆ ಬಗ್ಗೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಎರಡಕ್ಕೂ ಘರ್ಷಣೆಯಾದರೆ ಕೇಂದ್ರದ್ದು ನಿಲ್ಲುತ್ತದೆ. ಆದರೆ 254ನೇ ವಿಧಿಯ ಎರಡನೆಯ ಖಂಡದಂತೆ ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಕರ್ನಾಟಕದ ತಿದ್ದುಪಡಿಗೆ ಆ ಅಂಕಿತ ದೊರೆತಿದೆ. ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಪ್ರಶ್ನಿಸಿದ ಅರ್ಜಿಗಳನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೇಳಿ, 2023ರ ಮೇ 18ರಂದು ಆ ತಿದ್ದುಪಡಿಗಳು ಸಿಂಧುವೆಂದು ಒಮ್ಮತದಿಂದ ಎತ್ತಿಹಿಡಿಯಿತು. ‘ಸುಪ್ರೀಂ ಕೋರ್ಟೇ ಹೂಂ ಅಂದೈತಿ’ ಎಂಬ ಮಾತು ಹುಟ್ಟಿದ್ದು ಆ ದಿನ.

ಆದರೆ ಆ ‘ಹೂಂ’ ಯಾವುದಕ್ಕೆ ಎಂಬುದನ್ನು ನಿಧಾನವಾಗಿ ಓದಬೇಕು. ಇಂಥ ಆಟ ನಮ್ಮ ಸಂಸ್ಕೃತಿಯ ಭಾಗ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಶಾಸನಸಭೆಯ ಕೆಲಸ, ಆ ವಿಷಯದಲ್ಲಿ ಸಭೆಯ ತೀರ್ಮಾನವನ್ನು ತಾನು ಕದಲಿಸುವುದಿಲ್ಲ ಎಂದು ಪೀಠ ಹೇಳಿತು. 2014ರಲ್ಲಿ ಆಟ ನಡೆಯುತ್ತಿದ್ದ ಬಗೆ ಬೇರೆ, ತಿದ್ದುಪಡಿ ಮತ್ತು ನಿಯಮಗಳ ಕಟ್ಟುಪಾಡಿನೊಳಗೆ ಈಗ ನಡೆಯಬೇಕಾದ ಬಗೆ ಬೇರೆ, ನೋವನ್ನು ಗಣನೀಯವಾಗಿ ತಗ್ಗಿಸುವ ಆ ಕಟ್ಟುಪಾಡು ಇರುವುದರಿಂದಲೇ ಕಾನೂನು ನಿಲ್ಲುತ್ತದೆ ಎಂಬುದು ಅದರ ತರ್ಕ. ಕೊನೆಯಲ್ಲಿ, ಷರತ್ತುಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡುವ ಹೊಣೆ ಜಿಲ್ಲಾ ದಂಡಾಧಿಕಾರಿ ಮತ್ತು ಸಕ್ಷಮ ಅಧಿಕಾರಿಗಳ ಮೇಲಿದೆ ಎಂದು ಹೆಸರಿಸಿ ಹೇಳಿತು. ಹಾಗಾಗಿ ‘ಅಜ್ಜನ ಕಾಲದಿಂದ ನಡೆದು ಬಂದೈತಿ’ ಎಂಬುದು ಇಂದು ಕಾನೂನಿನ ಮುಂದೆ ಸಾಲುವ ಉತ್ತರವಲ್ಲ. ಅಜ್ಜನ ಕಾಲದ ಆಟ ಇಂದಿನ ಷರತ್ತಿನ ಕಾಗದದ ಮೇಲೆ ನಿಂತಿದೆ; ಷರತ್ತು ಮುರಿದರೆ ಹಳೆಯ 11ನೇ ಕಲಮು ಮತ್ತೆ ಎದುರಿಗೆ ಬರುತ್ತದೆ.

ಇಲ್ಲಿಯೇ ಹಾವೇರಿಯ ಆಟಕ್ಕೆ ತನ್ನದೇ ಒಂದು ತೊಡಕಿದೆ. ಕರ್ನಾಟಕದ ತಿದ್ದುಪಡಿ ಹೆಸರಿಸುವುದು ಕಂಬಳವನ್ನು, ಹೋರಿಗಳ ಓಟವನ್ನು ಮತ್ತು ಎತ್ತಿನ ಗಾಡಿ ಓಟವನ್ನು. ‘ಹೋರಿ ಬೆದರಿಸುವ ಸ್ಪರ್ಧೆ’ ಎಂಬ ಹೆಸರು ಅಲ್ಲಿಲ್ಲ. ತಮಿಳುನಾಡಿನ ಶಾಸಕರು ಈ ವಿಷಯದಲ್ಲಿ ಚುರುಕಾಗಿದ್ದರು: ಜಲ್ಲಿಕಟ್ಟು ಎಂದು ಬರೆದು ಸುಮ್ಮನಾಗದೆ, ಮಂಜುವಿರಟ್ಟು, ವಡಮಾಡು, ಎರುದು ವಿಡುಂ ವಿಳಾ ಎಂಬ ದಾಯಾದಿ ಆಟಗಳ ಹೆಸರುಗಳನ್ನೂ ವ್ಯಾಖ್ಯೆಯೊಳಗೆ ಸೇರಿಸಿದರು. ಕರಾವಳಿಯ ಕಂಬಳಕ್ಕೆ ಇದ್ದ ದನಿ ಹಾವೇರಿಯ ಹೋರಿಗೆ ಬೆಂಗಳೂರಿನಲ್ಲಿ ಇರಲಿಲ್ಲವೆಂದೇ ನನ್ನ ಗುಮಾನಿ.

ಹೆಸರಿಲ್ಲದಿದ್ದರೆ ಏನಾಯಿತು? ನಡೆಸುವವರ ಪರವಾಗಿ ವಾದಿಸುವ ವಕೀಲರು, ಹೋರಿ ಒಂಟಿಯಾಗಿ ಓಡುತ್ತದೆ, ಗುರಿ ತಲುಪುತ್ತದೆ, ಬಹುಮಾನ ಪಡೆಯುತ್ತದೆ, ಆದ್ದರಿಂದ ಇದು ಹೋರಿಗಳ ಓಟವೇ ಎನ್ನಬಹುದು. ಎದುರು ಕಡೆಯವರಿಗೆ ಹೆಚ್ಚು ಶ್ರಮವಿಲ್ಲ, ಆಟದ ಹೆಸರನ್ನೇ ಓದಿ ತೋರಿಸಿದರೆ ಸಾಕು. ಓಟದಲ್ಲಿ ವೇಗ ಮುಖ್ಯ. ಇಲ್ಲಿ ಹೆಸರಿನಲ್ಲಿಯೇ ಬೆದರಿಸುವುದಿದೆ. ಪ್ರಾಣಿಯನ್ನು ಭಯಪಡಿಸುವುದೇ ಕ್ರೌರ್ಯವೆಂದು 2014ರ ತೀರ್ಪು ಹೇಳಿರುವಾಗ, ಕರಪತ್ರದ ತಲೆಬರಹದಲ್ಲಿ ದಪ್ಪ ಅಕ್ಷರದಲ್ಲಿ ‘ಬೆದರಿಸುವ’ ಎಂದು ಅಚ್ಚು ಹಾಕಿಸುವುದು ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಗೋಡೆಗೆ ಅಂಟಿಸಿದಂತೆ. ‘ಹೋರಿ ಹಬ್ಬ’, ‘ಕೊಬ್ಬರಿ ಹೋರಿ’ ಎಂಬ ಹೆಸರುಗಳೂ ಜನರ ಬಾಯಲ್ಲಿವೆ. ಹೆಸರು ಬದಲಿಸಿದ ಮಾತ್ರಕ್ಕೆ ನ್ಯಾಯಾಲಯ ಮರುಳಾಗುವುದಿಲ್ಲ ನಿಜ, ಅದು ನೋಡುವುದು ಅಖಾಡದಲ್ಲಿ ನಡೆಯುವುದನ್ನು. ಬಾಲ ತಿರುಚಿದರೇ, ಕಣ್ಣಿಗೆ ಖಾರ ಎರಚಿದರೇ, ಕುಡಿಸಿದರೇ, ಕಿವಿಯ ಬಳಿ ಪಟಾಕಿ ಸಿಡಿಸಿದರೇ ಎಂಬ ಪ್ರಶ್ನೆಗಳಿಗೆ ಹೆಸರು ಉತ್ತರ ಕೊಡಲಾರದು. ಈ ಗೊಂದಲವನ್ನು ಶಾಶ್ವತವಾಗಿ ಕಳೆಯುವ ದಾರಿ ಒಂದೇ: ವಿಧಾನಸಭೆ ವ್ಯಾಖ್ಯೆಯಲ್ಲಿ ಈ ಆಟವನ್ನು ಹೆಸರಿಸಿ ಅದಕ್ಕೆ ತಕ್ಕ ನಿಯಮ ಬರೆಯುವುದು. ಕಂಬಳದ ಕೋಣಕ್ಕೆ ಬರೆದ ಷರತ್ತು ಜನರ ನಡುವೆ ನುಗ್ಗುವ ಹೋರಿಗೆ ಹೊಂದುವುದಿಲ್ಲ. ಕಂಬಳದಲ್ಲಿ ಕೋಣಗಳು ಕೆಸರಿನ ಕರೆಯೊಳಗೆ, ಅಂದರೆ ಓಟದ ಗದ್ದೆಯೊಳಗೆ ಓಡುತ್ತವೆ, ಜನ ಕರೆಯ ಹೊರಗಿರುತ್ತಾರೆ.

ತಮಿಳುನಾಡಿನ 2017ರ ನಿಯಮಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ಹೋರಿಯನ್ನು ಹಿಡಿಯುವವನು ಹಿಣಿಲನ್ನು ಮಾತ್ರ ತಬ್ಬಬೇಕು; ಹದಿನೈದು ಮೀಟರು, ಇಲ್ಲವೇ ಮೂವತ್ತು ಸೆಕೆಂಡು, ಇಲ್ಲವೇ ಹೋರಿಯ ಮೂರು ನೆಗೆತ, ಅಷ್ಟೇ ಅವನ ಅವಕಾಶ. ಜಿಲ್ಲಾಧಿಕಾರಿಯ ಅನುಮತಿ, ಪಶುವೈದ್ಯರ ತಪಾಸಣೆ, ನೋಡುವವರಿಗೂ ಹೋರಿಗೂ ನಡುವೆ ಬೇಲಿ, ನೋಡುಗರ ಅಟ್ಟಣಿಗೆಗೆ ಲೋಕೋಪಯೋಗಿ ಇಲಾಖೆಯ ಪ್ರಮಾಣಪತ್ರ ಇವೆಲ್ಲ ಅಲ್ಲಿವೆ. ಆ ನಿಯಮವಿದ್ದೂ ಅಲ್ಲಿ ಸಾವು ನೋವು ನಿಂತಿಲ್ಲ ಎಂಬುದು ಬೇರೆ ಮಾತು. ಆದರೆ ಬೇಲಿ ಎಲ್ಲಿರಬೇಕು, ಯಾರು ಹಾಕಬೇಕು ಎಂಬುದು ಬರಹದಲ್ಲಿದ್ದರೆ, ಅನಾಹುತವಾದ ಮೇಲೆ ಯಾರು ತಪ್ಪಿದರೆಂದು ಹೇಳಲು ಒಂದು ಅಳತೆಗೋಲು ಸಿಗುತ್ತದೆ.

ಇನ್ನು ಮನುಷ್ಯನ ಕಡೆಗೆ. 2025ರ ದೀಪಾವಳಿಯ ಹೊತ್ತಿಗೆ ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ಹೋರಿ ತಿವಿದು ಕನಿಷ್ಠ ಮೂವರು ತೀರಿಕೊಂಡರು. ಅವರಲ್ಲಿ ಇಬ್ಬರು ಎಪ್ಪತ್ತು ಇಲ್ಲವೇ ಅದಕ್ಕೂ ಹೆಚ್ಚಿನ ವಯಸ್ಸಿನವರು. ಆ ವಯಸ್ಸಿನವರು ಕೊಬ್ಬರಿ ಹರಿಯಲು ಅಖಾಡಕ್ಕೆ ಇಳಿಯುವುದಿಲ್ಲವೆಂದು ಹೇಳಬೇಕಾಗಿಲ್ಲ.

ಇಂಥ ಸಾವಾದಾಗ ಪೊಲೀಸ್ ಠಾಣೆಯಲ್ಲಿ ಮೊದಲು ಏನಾಗುತ್ತದೆ ಎಂಬುದನ್ನು ತಿಳಿದಿರಬೇಕು. ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು ಅಸಹಜ ಸಾವಿನ ವಿಚಾರಣೆಯನ್ನು ಹೇಳುತ್ತದೆ. ಆತ್ಮಹತ್ಯೆ, ಯಂತ್ರ, ಅಪಘಾತಗಳ ಸಾಲಿನಲ್ಲಿ ‘ಪ್ರಾಣಿಯಿಂದಾದ ಸಾವು’ ಎಂಬುದೂ ಅಲ್ಲಿದೆ. ನಮ್ಮ ಕಡೆ ಇದನ್ನೇ ಯುಡಿಆರ್ (ಅಸಹಜ ಸಾವಿನ ವರದಿ) ಎನ್ನುತ್ತಾರೆ. ಯುಡಿಆರ್ ಎಂದರೆ ಸಾವು ಹೇಗಾಯಿತೆಂದು ನೋಡುವ ವರದಿ, ಯಾರ ಮೇಲೂ ಹೊರಿಸಿದ ಅಪರಾಧವಲ್ಲ. ಪಂಚನಾಮೆ ಆಗಿ, ಮರಣೋತ್ತರ ಪರೀಕ್ಷೆ ಆಗಿ, ಹೋರಿ ತಿವಿದದ್ದೇ ಕಾರಣವೆಂದು ಬರೆದು ಕಡತ ಮುಚ್ಚಲು ಸಾಧ್ಯವಿದೆ. ದುಃಖದಲ್ಲಿರುವ ಮನೆಯವರಿಗೆ ಠಾಣೆಯಲ್ಲಿ ಕೊಟ್ಟ ಕಾಗದ ಯುಡಿಆರೋ ಎಫ್‌ಐಆರೋ ಎಂದು ವಿಚಾರಿಸುವ ವ್ಯವಧಾನ ಇರುವುದಿಲ್ಲ. ಆದರೆ ಮುಂದಿನದೆಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ನಡೆಸಿದವರ ಅಥವಾ ಹೋರಿಯ ಧಣಿಯ ನಿರ್ಲಕ್ಷ್ಯದಿಂದ ಸಾವಾಯಿತೆಂದು ಮನೆಯವರು ನಂಬಿದರೆ ಆ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆದುಕೊಡಬೇಕು. ಆಗ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮು ಪ್ರಶ್ನೆಗೆ ಬರುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಐದು ವರ್ಷದವರೆಗೆ ಸೆರೆ ಮತ್ತು ದಂಡ ಎಂದು ಅದು ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು.

ಹೋರಿಯ ಕಡೆಯವರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ನಿಂದ್ರಾಕ ಹೇಳಿದ್ವೇನು? ತಾನಾಗಿ ಬಂದು ನಿಂತಾನ.’ ಇದು ಬರಿಯ ಒರಟು ಮಾತಲ್ಲ, ನಷ್ಟಪರಿಹಾರದ ಕಾನೂನಿನಲ್ಲಿ ಇದಕ್ಕೆ ಬೇರಿದೆ. ಅಪಾಯವನ್ನು ಅರಿತು, ಮನಸ್ಸಾರೆ ಒಪ್ಪಿ ಅದಕ್ಕೆ ಮೈಯೊಡ್ಡಿದವನು ಆಮೇಲೆ ಪರಿಹಾರ ಕೇಳುವಂತಿಲ್ಲ ಎಂಬ ತತ್ವ ಹಳೆಯದು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮೋಟಾರು ಓಟದಲ್ಲಿ ಕಾರೊಂದು ಬೇಲಿ ಹಾರಿ ನೋಡುಗರ ಮೇಲೆ ಬಿದ್ದಾಗ, ಅಲ್ಲಿನ ನ್ಯಾಯಾಲಯವು 1930ರ ದಶಕದ ಆರಂಭದಲ್ಲಿ, ಇಂಥ ಆಟ ನೋಡಲು ಬಂದವರು ಅದಕ್ಕೆ ಅಂಟಿಕೊಂಡ ಅಪಾಯವನ್ನು ಒಪ್ಪಿಯೇ ಬಂದಿರುತ್ತಾರೆಂದು ಹೇಳಿ ನಡೆಸಿದವರನ್ನು ಹೊಣೆಯಿಂದ ಬಿಟ್ಟಿತು. ಕೊಬ್ಬರಿಗೆ ಕೈ ಹಾಕುವ ಹುಡುಗನ ವಿಷಯದಲ್ಲಿ ಈ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ. ಬದಿಯಲ್ಲಿ ನಿಂತು ನೋಡುವವನ ವಿಷಯದಲ್ಲಿ ಅದು ಸಡಿಲವಾಗುತ್ತದೆ, ಏಕೆಂದರೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಬೇಲಿ ಇತ್ತು; ಅಗತ್ಯವಾದ ಎಚ್ಚರವನ್ನು ನಡೆಸಿದವರು ವಹಿಸಿದ್ದರೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ತನ್ನ ಮನೆಯ ಕಟ್ಟೆಯ ಮೇಲೆ ಕುಳಿತ ಅಥವಾ ಸಂತೆಯಿಂದ ಚೀಲ ಹೊತ್ತು ಬರುವ ಮುದುಕನ ವಿಷಯದಲ್ಲಿ ವಾದವೇ ಇಲ್ಲ. ಅವನು ಏನನ್ನೂ ಒಪ್ಪಿಲ್ಲ.

ಧಣಿಯ ಹೊಣೆಯ ಬಗ್ಗೆ ಇನ್ನೊಂದು ಸ್ವಾರಸ್ಯದ ಮಾತಿದೆ. ದನಕರು ಸಾಧು ಪ್ರಾಣಿಗಳೆಂದು ಕಾನೂನು ಎಣಿಸುತ್ತದೆ. ಸಾಧು ಪ್ರಾಣಿ ಎಂದೋ ಒಮ್ಮೆ ಹಾಯ್ದರೆ ಧಣಿಯನ್ನು ಹೊಣೆ ಮಾಡಲು, ಅದಕ್ಕೆ ಹಾಯುವ ಚಾಳಿ ಇತ್ತು, ಅದು ಅವನಿಗೆ ಗೊತ್ತಿತ್ತು ಎಂದು ತೋರಿಸಬೇಕಾಗುತ್ತದೆ. ಮನೆಯ ಎತ್ತಿನ ವಿಷಯದಲ್ಲಿ ಇದನ್ನು ಸಾಬೀತು ಮಾಡುವುದು ಕಷ್ಟ. ಹಬ್ಬದ ಹೋರಿಯ ವಿಷಯದಲ್ಲಿ ಹಾಗಲ್ಲ: ಬಸ್ ನಿಲ್ದಾಣದ ಬ್ಯಾನರಿನಲ್ಲಿ ಅದರ ಫೋಟೋದ ಕೆಳಗೆ ಬೆಂಕಿ, ಬಿರುಗಾಳಿ, ಯಮ ಎಂಬ ಬಿರುದುಗಳಿರುತ್ತವೆ, ಎಷ್ಟು ಅಖಾಡಗಳಲ್ಲಿ ಯಾರ ಕೈಗೂ ಸಿಗದೆ ಹೋಯಿತೆಂಬ ಲೆಕ್ಕವೂ ಇರುತ್ತದೆ. ಮೊಕದ್ದಮೆ ಹೂಡುವ ವಕೀಲನಿಗೆ ಆ ಬ್ಯಾನರಿನ ಒಂದು ಫೋಟೋ ಹತ್ತು ಸಾಕ್ಷಿಗಳಿಗೆ ಸಮ.

ಪರಿಹಾರವನ್ನು ಸಿವಿಲ್ ನ್ಯಾಯಾಲಯದಲ್ಲಿ ಕೇಳಬಹುದು; 1855ರ ಮಾರಕ ಅಪಘಾತಗಳ ಕಾಯ್ದೆ ಸತ್ತವನ ಹೆಂಡತಿ, ಮಕ್ಕಳು, ತಂದೆ ತಾಯಿಗೆ ಆ ಹಕ್ಕನ್ನು ಕೊಟ್ಟಿದೆ. ದಾವೆ ಯಾರ ಮೇಲೆ? ಧಣಿಯ ಮೇಲೆ, ನಡೆಸಿದ ಸಮಿತಿಯ ಮೇಲೆ. ಸಮಿತಿ ನೋಂದಣಿಯಾದ ಸಂಘವಾಗಿರದೆ ಹಬ್ಬಕ್ಕೆಂದು ಸೇರಿ ಹಬ್ಬ ಮುಗಿದ ಮೇಲೆ ಚದುರುವ ಹುಡುಗರ ಬಳಗವಾಗಿದ್ದರೆ, ಅನುಮತಿ ಅರ್ಜಿಗೆ ಸಹಿ ಹಾಕಿದವರೇ ಸಿಗುವವರು. ಬಂಪರ್ ಬಹುಮಾನದ ಬೈಕು ಕೊಟ್ಟ ಪ್ರಾಯೋಜಕರು ಫೋಟೋದಲ್ಲಿರುತ್ತಾರೆ, ಅರ್ಜಿಯಲ್ಲಿರುವುದಿಲ್ಲ. ಮನರಂಜನೆ ನಡೆಸುವವನು ಬಂದವರ ಜೀವಕ್ಕೆ ಹೊಣೆ ಎಂಬ ಮಾತನ್ನು ಸುಪ್ರೀಂ ಕೋರ್ಟು ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣದಲ್ಲಿ ದೃಢಪಡಿಸಿತು. 1997ರಲ್ಲಿ ಅಲ್ಲಿ ಬೆಂಕಿಯಿಂದ 59 ಜನ ಸತ್ತಿದ್ದರು. 2011ರಲ್ಲಿ ಕೋರ್ಟು ಇಪ್ಪತ್ತು ವರ್ಷ ಮೀರಿದವರ ಸಾವಿಗೆ ಹತ್ತು ಲಕ್ಷ, ಅದಕ್ಕೂ ಚಿಕ್ಕವರ ಸಾವಿಗೆ ಏಳೂವರೆ ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಅದು ಟಿಕೆಟು ಕೊಂಡು ಒಳಗೆ ಹೋದವರ ಪ್ರಕರಣ, ಅಲ್ಲಿ ಗೋಡೆಯಿತ್ತು, ಬಾಗಿಲಿತ್ತು, ಮಾಲೀಕರಿದ್ದರು. ಟಿಕೆಟಿಲ್ಲದ, ಗೋಡೆಯಿಲ್ಲದ, ಊರಿನ ಬೀದಿಯೇ ಅಖಾಡವಾದ ಆಟಕ್ಕೆ ಆ ತತ್ವವನ್ನು ಎಳೆದು ತರಲು ಸಾಧ್ಯವಿದ್ದರೂ, ಎಳೆಯಲು ವರ್ಷಗಟ್ಟಲೆ ಹಾವೇರಿಯ ಕೋರ್ಟಿಗೆ ಅಲೆಯುವ ತಾಕತ್ತು ಬೇಕು. ಹಬ್ಬ ನಡೆಸುವವರು ಊರಿನವರೇ, ಸತ್ತವನ ಮನೆಯವರೂ ಊರಿನವರೇ ಆಗಿರುವಲ್ಲಿ ಹಿರಿಯರು ಕೂತು ಒಂದಿಷ್ಟು ಹಣ ಕೊಡಿಸಿ ‘ಬಗೆಹರಿಸುವುದು’ ಹೆಚ್ಚು ಹತ್ತಿರದ ದಾರಿಯಾಗಿ ಕಾಣುತ್ತದೆ. ಆ ಹಣವನ್ನು ತೆಗೆದುಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದ ಕ್ರಿಮಿನಲ್ ಪ್ರಕರಣ ತಾನಾಗಿ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಎರಡೂ ಕಡೆಯವರು ಗಮನಿಸಬೇಕು. 106ನೇ ಕಲಮು ರಾಜಿಗೆ ಬಿಟ್ಟ ಅಪರಾಧಗಳ ಪಟ್ಟಿಯಲ್ಲಿಲ್ಲ.

ಇನ್ನೊಂದು ಕಲಮು ಉಳಿದಿದೆ, ಹೋರಿ ಹಬ್ಬಕ್ಕೆಂದೇ ಬರೆದಂತಿದೆ. ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಬರಬಹುದಾದಾಗ ಅದನ್ನು ತಡೆಯಲು ಸಾಕಷ್ಟು ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಇಲ್ಲಿ ಯಾರೂ ಸಾಯಬೇಕಾಗಿಲ್ಲ, ಅಪಾಯವಿದ್ದರೆ ಸಾಕು. ಆದರೆ ‘ವಶದಲ್ಲಿರುವ’ ಎಂಬ ಪದ ಎಲ್ಲವನ್ನೂ ಹಿಡಿದಿಟ್ಟಿದೆ. ಅಖಾಡದ ಬಾಯಿಯವರೆಗೆ ಹೋರಿ ಧಣಿಯ ವಶದಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ಹಗ್ಗ ಬಿಚ್ಚಿದ ಮೇಲೆ? ಹಬ್ಬದ ಹೋರಿ ಅಖಾಡದ ಕೊನೆಯಲ್ಲಿ ನಿಲ್ಲುವುದಿಲ್ಲ. ಅದು ಪಕ್ಕದ ಓಣಿ ಹೊಕ್ಕು, ಹಿತ್ತಿಲು ದಾಟಿ, ಗೋವಿನಜೋಳದ ಹೊಲದೊಳಗೆ ಮರೆಯಾಗುತ್ತದೆ. ಧಣಿಯ ಕಡೆಯ ಹುಡುಗರು ಬೈಕುಗಳ ಮೇಲೆ ಹಿಂದೆ ಹೋಗುತ್ತಾರೆ. ಕತ್ತಲಾದ ಮೇಲೂ ಬ್ಯಾಟರಿ ಹಿಡಿದು, ಹೆಸರು ಕೂಗುತ್ತಾ, ಕೊರಳ ಗೆಜ್ಜೆಯ ಸದ್ದಿಗೆ ಕಿವಿಗೊಟ್ಟು ಬದುವಿನ ಮೇಲೆ ನಡೆಯುವವರನ್ನು ನಾನು ಕಂಡಿದ್ದೇನೆ. ನಾಲ್ಕು ತಾಸಿನ ಬಳಿಕ ಹೋರಿ ಸಿಕ್ಕಾಗ ಅದು ದೂರದ ಊರೊಂದರ ಕೆರೆಯಂಚಿನಲ್ಲಿ ಒಬ್ಬ ಅಪರಿಚಿತ ರೈತನ ದನಗಳ ನಡುವೆ ಸುಮ್ಮನೆ ಮೇಯುತ್ತಿತ್ತು. ಆ ನಾಲ್ಕು ತಾಸು ಅದು ಯಾರ ವಶದಲ್ಲಿತ್ತು ಎಂಬ ಪ್ರಶ್ನೆಗೆ ಧಣಿ ‘ನನ್ನ ಕೈ ತಪ್ಪಿ ಹೋಗಿತ್ತು’ ಎನ್ನುತ್ತಾನೆ. ಕೈಯಾರೆ ಹಗ್ಗ ಬಿಚ್ಚಿದವನು ಕೈ ತಪ್ಪಿತೆನ್ನುವಂತಿಲ್ಲ ಎಂದು ಸರ್ಕಾರಿ ವಕೀಲ ಎದ್ದು ನಿಲ್ಲುತ್ತಾನೆ.